ಕಾಜಿಂಗಾದ ಎರಡು ಪಾಳಿ

ಉಗಾಂಡಾದಿಂದ ಬಂದು ಎರಡು ವಾರ ಆಗಿತ್ತು. ಆಲೂರಿನಲ್ಲಿ ಮಾವನ ಮನೆಯ ಜಗುಲಿ ಮೇಲೆ ಕೂತು ಟ್ಯಾಬ್‌ನಲ್ಲಿ ಫೋಟೋ ತೋರಿಸುತ್ತಿದ್ದೆ. ಮಾವ ಅಂದರೆ ಅಮ್ಮನ ತಮ್ಮ. ಕಾಫಿ ತೋಟ, ಸ್ವಲ್ಪ ಗದ್ದೆ ನೋಡಿಕೊಂಡಿದ್ದಾರೆ. ಕಾಜಿಂಗಾ ಚಾನೆಲ್‌ನ ಬೋಟ್ ಸಫಾರಿ ಒಂದರಲ್ಲೇ ನಾನು 400ಕ್ಕಿಂತ ಜಾಸ್ತಿ ಫೋಟೋ ತೆಗೆದಿದ್ದೆ. ಬಾಯಿ ತೆರೆದ ನೀರಾನೆ, ಎಮ್ಮೆಯ ಬೆನ್ನ ಮೇಲೆ ಉಣ್ಣೆ ಹೆಕ್ಕುವ ಹಕ್ಕಿ, ಸೊಂಡಿಲು ಬಳಸಲು ಇನ್ನೂ ಬಾರದೆ ಬಾಯಿಟ್ಟು ನೀರು ಕುಡಿಯುವ ಆನೆಮರಿ. ಮಾವ ಒಂದೊಂದನ್ನೂ ನಿಧಾನವಾಗಿ ನೋಡಿದರು. ನೀರಾನೆಗಳ ಗುಂಪಿನ ಒಂದು ಫೋಟೋ ಬಂದಾಗ ಬೆರಳಲ್ಲಿ ಅದನ್ನು ದೊಡ್ಡದು ಮಾಡಿದರು. ನಾನು ತೋರಿಸಬೇಕೆಂದಿದ್ದ ನೀರಾನೆಗಳು ಪರದೆಯಿಂದ ಆಚೆ ಸರಿದವು. ಮೇಲಿನ ಮೂಲೆಯಲ್ಲಿ, ಮಸುಕು ಮಸುಕಾಗಿ, ಒಬ್ಬ ಹೆಂಗಸು ಮೊಣಕಾಲುದ್ದ ನೀರಿನಲ್ಲಿ ನಿಂತು ಹಳದಿ ಕ್ಯಾನ್ ಮುಳುಗಿಸುತ್ತಿದ್ದಳು. ಅವಳ ಹಿಂದೆ ದಡಕ್ಕೆ ಎಳೆದಿಟ್ಟ ನಾಲ್ಕೈದು ಮರದ ದೋಣಿ.

"ಅಲ್ಲ ಕಣವ್ವ, ಇವ್ರೆಲ್ಲ ಎಷ್ಟೊತ್ತಿಗೆ ಮನೆ ಸೇರ್ಕತಾರೆ?" ಅಂದರು ಮಾವ.

ಆ ಹೆಂಗಸು ನನ್ನ ಫೋಟೋದಲ್ಲಿದ್ದಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬಳೇ ಕೂತು ಎಲ್ಲ ಫೋಟೋಗಳನ್ನೂ ಮತ್ತೆ ನೋಡಿದೆ. ಮನುಷ್ಯರು ಇರುವುದು ಮೂರರಲ್ಲಿ ಮಾತ್ರ. ಮೂರರಲ್ಲೂ ಅವರು ಮೂಲೆಯಲ್ಲಿದ್ದಾರೆ. ಮಾವನ ಪ್ರಶ್ನೆ ಅಲ್ಲಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ದೋಣಿಯಿಂದ ಕಾಣುವುದು

ಅಕ್ಕ, ಭಾವ ಕಂಪಾಲಾದಲ್ಲಿದ್ದಾರೆ. ಅವರ ಜೊತೆ ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಕಾಜಿಂಗಾವನ್ನು ಕಾಲುವೆ ಅನ್ನೋಕೆ ನನಗೆ ಮನಸ್ಸು ಬರಲ್ಲ. ಅದನ್ನು ಯಾರೂ ತೋಡಿಲ್ಲ. ಜಾರ್ಜ್ ಸರೋವರವನ್ನೂ ಎಡ್ವರ್ಡ್ ಸರೋವರವನ್ನೂ ಸೇರಿಸುವ, 30 ಕಿಲೋಮೀಟರಿಗಿಂತ ಉದ್ದದ, ತಾನಾಗಿಯೇ ಆದ ನೀರಿನ ದಾರಿ ಅದು. ಹೊಳೆಯ ಹಾಗೆ ಕಾಣುತ್ತದೆ, ಆದರೆ ಹೊಳೆಯ ಅವಸರ ಇಲ್ಲ. ಎಡ್ವರ್ಡ್ ಸರೋವರಕ್ಕೆ ಅದು ಸೇರುವ ಕಡೆ ಮ್ವೆಯಾ ಅನ್ನುವ ನೆಲದ ಚಾಚು ಇದೆ. ಬೋಟು ಅದರ ಬುಡದಿಂದ ಹೊರಡುತ್ತದೆ. ಎರಡು ಗಂಟೆ ದಡದ ಪಕ್ಕದಲ್ಲೇ ಸಾಗಿ, ಸರೋವರದ ಬಾಯಿಯವರೆಗೆ ಹೋಗಿ ವಾಪಸ್ ಬರುತ್ತದೆ.

ಜೀಪಿನಲ್ಲಿ ಕಾಡು ಸುತ್ತಿದವರಿಗೆ ಬೋಟಿನ ಸುಖ ಏನು ಅಂತ ಹೇಳಬೇಕು. ಜೀಪಿನಲ್ಲಿ ನಾವು ಪ್ರಾಣಿಯನ್ನು ಹುಡುಕಿಕೊಂಡು ಹೋಗುತ್ತೇವೆ. ಅದು ಓಡುತ್ತದೆ, ಇಲ್ಲವೇ ಪೊದೆಗೆ ಸೇರುತ್ತದೆ. ಧೂಳು, ಕುಲುಕಾಟ, ವೈರ್‌ಲೆಸ್ ಕರ್ಕಶ. ಇಲ್ಲಿ ಹಾಗಲ್ಲ. ಬಿಸಿಲು ಏರಿದ ಮೇಲೆ ಎಲ್ಲವೂ ನೀರಿಗೆ ಬರಲೇಬೇಕು. ನಾವು ಸುಮ್ನೆ ನೀರಿನಲ್ಲಿ ಇದ್ದರಾಯಿತು. ಎಂಜಿನ್ ನಿಲ್ಲಿಸಿದಾಗ ಬೋಟು ತೇಲಿಕೊಂಡು ದಡದ ಹತ್ತಿರ ಹೋಗುತ್ತದೆ. ನಮ್ಮ ಕಣ್ಣು ಪ್ರಾಣಿಯ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಕೆಸರಿನಲ್ಲಿ ಮಲಗಿದ ಮುದಿ ಎಮ್ಮೆಗಳು ತಲೆ ಕೂಡ ಎತ್ತಲಿಲ್ಲ. ಇವು ನಮ್ಮ ಕಡೆಯ ಕಾಟಿಯಲ್ಲ, ಆಫ್ರಿಕಾದ ಕಾಡೆಮ್ಮೆ. ವಯಸ್ಸಾದ ಗಂಡುಗಳು ಹಿಂಡು ಬಿಟ್ಟು ನಾಲ್ಕೈದು ಸೇರಿ ಹೀಗೆ ನೀರಿನ ಬದಿಯಲ್ಲೇ ಇದ್ದುಬಿಡುತ್ತವಂತೆ. ಮೈಯೆಲ್ಲ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಕಿವಿಯ ಅಂಚು ಹರಿದಿತ್ತು. ನಾಲ್ಕು ಮಾರು ದೂರದಲ್ಲಿ ಒಂದು ಮುದಿ ಜೀವ ಉಸಿರು ಬಿಡುವ ಸದ್ದು ಕೇಳುತ್ತಾ ಕೂರುವುದು ಬೇರೆಯೇ ಅನುಭವ.

ಆಮೇಲೆ ಮಿಂಚುಳ್ಳಿಗಳು. ದಡದ ಮಣ್ಣಿನ ಗೋಡೆಯಲ್ಲಿ ಸಾಲು ಸಾಲು ತೂತು. ಒಂದೊಂದು ತೂತಿನ ಮುಂದೆ ಒಂದು ಕಪ್ಪುಬಿಳಿ ಮಿಂಚುಳ್ಳಿ. ನೀರಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲಿನ ಹಾಗೆ ಕೆಳಗೆ ಬೀಳುತ್ತವೆ. ನೋಡಿ ನನ್ನ ಗಂಟಲು ಕಟ್ಟಿತು. ಇದೇ ಹಕ್ಕಿ ರಂಗನತಿಟ್ಟಿನಲ್ಲಿದೆ. ನಮ್ಮ ಊರಿನ ಕೆರೆ ಕೋಡಿಯ ಹತ್ತಿರವೂ ಇದೆ. ಹತ್ತಿರದ್ದಲ್ಲ, ಅದೇ ಜಾತಿ. ಅಷ್ಟು ದೂರ ಹೋಗಿ ಪರಿಚಯದವರನ್ನು ಕಂಡ ಹಾಗಾಯಿತು.

ಇನ್ನು ನೀರಾನೆ. ಮೊದಲು ಕಲ್ಲುಬಂಡೆ ಅಂದುಕೊಳ್ಳುತ್ತೀರಿ. ಬಂಡೆಗೆ ಕಿವಿ ಮೂಡುತ್ತದೆ. ಆ ಸಣ್ಣ ಕಿವಿಗಳು ಪಟಪಟ ನೀರು ಕೊಡವುತ್ತವೆ. ಇಪ್ಪತ್ತು, ಮೂವತ್ತು ಒಟ್ಟಿಗೆ, ಒಂದರ ಬೆನ್ನಿನ ಮೇಲೆ ಇನ್ನೊಂದರ ಗದ್ದ. ನೀರಾನೆಗೆ ಈಜು ಬರುವುದಿಲ್ಲ, ತಳದಲ್ಲಿ ನಡೆಯುತ್ತದೆ. ಐದು ನಿಮಿಷ ಉಸಿರು ಹಿಡಿದಿರುತ್ತದೆ. ಮರಿ ನೀರಿನೊಳಗೇ ಹಾಲು ಕುಡಿಯುತ್ತದೆ. ಇದನ್ನೆಲ್ಲ ನಮಗೆ ಹೇಳಿದ್ದು ಬೋಟಿನ ಗೈಡ್. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಸ್ವರ ಎತ್ತರಿಸದೆ, ಯಾರದೋ ಮನೆಯವರನ್ನು ಪರಿಚಯ ಮಾಡಿಕೊಡುವ ಹಾಗೆ ಹೇಳುತ್ತಿದ್ದಳು.

ಸರೋವರದ ಬಾಯಿಯ ಹತ್ತಿರ ಬಂದಾಗ ಎದುರಿನ ದಡದಲ್ಲಿ ಕಾಜಿಂಗಾ ಅನ್ನುವ ಮೀನುಗಾರರ ಹಳ್ಳಿ ಕಾಣಿಸಿತು. ತಗಡಿನ ಮಾಡು. ಒಣಹಾಕಿದ ಬಲೆ. ಬಟ್ಟೆ ಒಗೆಯುವ ಹೆಂಗಸರು. ನೀರಿನಲ್ಲಿ ಕುಣಿಯುವ ಮಕ್ಕಳು. ಅವರಿಂದ ಸ್ವಲ್ಪವೇ ಆಚೆ ಅದೇ ನೀರಾನೆಗಳು. ಆಗ ನಾನೇನು ಮಾಡುತ್ತಿದ್ದೆ ಅಂತ ಚೆನ್ನಾಗಿ ನೆನಪಿದೆ. ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದೆ. ನೋಡುವಂಥದ್ದು ಮುಗಿಯಿತು, ವಾಪಸ್ ಹೋಗುವಾಗ ಆನೆ ಸಿಗಬಹುದು ಅಂದುಕೊಂಡಿದ್ದೆ. ಬೋಟಿನಲ್ಲಿ ಎಲ್ಲರೂ ಅದೇ ಹೊತ್ತಿಗೆ ನೀರಿನ ಬಾಟಲಿ ತೆಗೆದರು. ಗೈಡ್ ಮಾತ್ರ ಮಾತಾಡುತ್ತಲೇ ಇದ್ದಳು.

ಅವಳು ಹೇಳಿದ್ದು

ಅವಳು ಹುಟ್ಟಿದ್ದು ಇಂಥದ್ದೇ ಒಂದು ಹಳ್ಳಿಯಲ್ಲಿ. ಅಪ್ಪ ಮೀನು ಹಿಡಿಯುತ್ತಿದ್ದರು. "ಹಗಲು ಈ ನೀರು ನೀರಾನೆಗಳದು, ದಡ ನಮ್ಮದು. ರಾತ್ರಿ ದಡ ಅವುಗಳದು, ನೀರು ನಮ್ಮದು" ಅಂದಳು. ನಾನು ಆ ಮಾತನ್ನು ಕೇಳಿಸಿಕೊಂಡೆ, ಚೆನ್ನಾಗಿದೆ ಅಂದುಕೊಂಡೆ, ಬಿಟ್ಟೆ. ಒಳ್ಳೆಯ ಮಾತು ಅಂತ ಬಿಟ್ಟದ್ದು. ಅದು ಮಾತಲ್ಲ, ಕೆಲಸದ ಲೆಕ್ಕ ಅನ್ನುವುದು ಆಲೂರಿನ ಜಗುಲಿಯಲ್ಲಿ ಮಾವ ಕೇಳಿದಾಗಲೇ ಹೊಳೆದದ್ದು.

ಬಿಡಿಸಿ ಹೇಳುತ್ತೇನೆ. ನೀರಾನೆಯ ಚರ್ಮಕ್ಕೆ ಬಿಸಿಲು ಆಗುವುದಿಲ್ಲ. ನೆಲದ ಮೇಲೆ ಬಹಳ ಹೊತ್ತು ಇದ್ದರೆ ಒಣಗಿ ಸೀಳುತ್ತದೆ. ಮೈಯಿಂದ ಕೆಂಪಗಿನ ಒಂದು ದ್ರವ ಒಸರಿ ಸ್ವಲ್ಪ ಕಾಪಾಡುತ್ತದೆ, ಅಷ್ಟೇ. ಹಾಗಾಗಿ ಹಗಲೆಲ್ಲ ನೀರು. ಆದರೆ ಅದರ ಊಟ ನೀರಿನಲ್ಲಿಲ್ಲ. ಒಂದು ದೊಡ್ಡ ನೀರಾನೆಗೆ ರಾತ್ರಿಗೆ 40 ಕಿಲೋ ಹುಲ್ಲು ಬೇಕು. ಕತ್ತಲಾಗುತ್ತಿದ್ದ ಹಾಗೆ ಅವು ದಡ ಹತ್ತಿ, ದಿನಾ ನಡೆದ ದಾರಿಯಲ್ಲೇ ನಡೆದು, ಮೇಯಲು ಹೋಗುತ್ತವೆ. ಬೆಳಕು ಹರಿಯುವ ಮೊದಲು ವಾಪಸ್. ಮೀನುಗಾರರ ದಿನಚರಿ ಇದಕ್ಕೆ ಸರಿ ಉಲ್ಟಾ. ಸಂಜೆ ದೋಣಿ ತೆಗೆದು ಬಲೆ ಬಿಡುತ್ತಾರೆ, ಬೆಳಗಿನ ಜಾವ ಎಳೆಯುತ್ತಾರೆ. ಎರಡು ಪಾಳಿ. ಒಂದೇ ಗೇಟು, ಎರಡು ಕಡೆಯಿಂದ ಜನ.

ಕಷ್ಟ ಇರುವುದು ಪಾಳಿ ಬದಲಾಗುವ ಹೊತ್ತಿನಲ್ಲಿ. ಮುಸ್ಸಂಜೆಯಲ್ಲಿ ನೀರಾನೆ ಮೇಲೆ ಬರುತ್ತಿರುತ್ತದೆ, ದೋಣಿ ಕೆಳಗೆ ಇಳಿಯುತ್ತಿರುತ್ತದೆ. ಮುಂಜಾನೆ ಅದು ಇಳಿಯುತ್ತಿರುತ್ತದೆ, ದೋಣಿ ದಡಕ್ಕೆ ಬರುತ್ತಿರುತ್ತದೆ, ಹೆಂಗಸರು ಕ್ಯಾನ್ ಹಿಡಿದು ನಿಂತಿರುತ್ತಾರೆ. ನೀರಾನೆಗೂ ನೀರಿಗೂ ಮಧ್ಯೆ ನಿಲ್ಲಬೇಡ ಅನ್ನುವುದು ಅಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ ಅಂದಳು ಗೈಡ್. ಅದಕ್ಕೆ ನೀರಿನ ದಾರಿ ಮುಚ್ಚಿಹೋಯಿತು ಅನ್ನಿಸಿದರೆ ಎದುರಿಗೆ ಯಾರಿದ್ದರೂ ನುಗ್ಗುತ್ತದೆ. ಒಂದೂವರೆ ಟನ್ ತೂಗುವ ಮೈ, ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ನೀರಿನಲ್ಲಾದರೆ ದೋಣಿಯನ್ನು ಕೆಳಗಿನಿಂದಲೇ ಮಗುಚಿ ಹಾಕುತ್ತದೆ. ನಮ್ಮ ಬೋಟಿನ ಕೊನೆಯ ಸುತ್ತು ಬೆಳಕಿರುವಾಗಲೇ ಮುಗಿಯಿತು. ನಾವು ನೋಡಿ ಬರುವುದು ಎರಡು ಪಾಳಿಗಳ ನಡುವಿನ ವಿರಾಮವನ್ನು.

ಇನ್ನೂ ಒಂದು ಇದೆ. ರಾತ್ರಿ ದಡದಲ್ಲಿ ತಿಂದ ಹುಲ್ಲನ್ನು ನೀರಾನೆ ಹಗಲು ನೀರಿಗೆ ಹಾಕುತ್ತದೆ. ಸಾವಿರಾರು ನೀರಾನೆಗಳ ಸಗಣಿ. ಜಾರ್ಜ್ ಸರೋವರ ಸರಾಸರಿ ಎರಡೂವರೆ ಮೀಟರ್ ಆಳವೂ ಇಲ್ಲ. ಸಮಭಾಜಕ ರೇಖೆಯ ಬಿಸಿಲಿಗೆ ಅಲ್ಲಿ ಪಾಚಿ ಬೆಳೆದು ನೀರು ಬಟಾಣಿ ಸಾರಿನ ಹಾಗೆ ಹಸಿರು. ಆ ಪಾಚಿ ತಿಂದು ತಿಲಾಪಿಯಾ ಮೀನು ಬೆಳೆಯುತ್ತದೆ. ಹುಲ್ಲುಗಾವಲಿನ ಗೊಬ್ಬರವನ್ನು ನೀರಿಗೆ ಹೊತ್ತು ತಂದು ಹಾಕುವ ಕೆಲಸದಲ್ಲಿ ನೀರಾನೆಯ ಪಾಲೂ ಇದೆ. ದೋಣಿ ಮಗುಚುವ ಪ್ರಾಣಿಯೇ ಬಲೆಯನ್ನೂ ಸ್ವಲ್ಪ ತುಂಬಿಸುತ್ತದೆ ಅಂದ ಹಾಗಾಯಿತು, ಅಲ್ವಾ?

ಲೆಕ್ಕಗಳು

ಊರಿಗೆ ಬಂದ ಮೇಲೆ ಈ ಜಾಗದ ಬಗ್ಗೆ ಓದುತ್ತಾ ಕೂತೆ. 1952ರಲ್ಲಿ ಇದನ್ನು ಕಾಜಿಂಗಾ ರಾಷ್ಟ್ರೀಯ ಉದ್ಯಾನ ಅಂತಲೇ ಮಾಡಿದ್ದು. 1954ರಲ್ಲಿ ಬ್ರಿಟನ್ನಿನ ರಾಣಿ ಬಂದುಹೋದ ಮೇಲೆ ಹೆಸರು ಬದಲಾಯಿತು. ಹಳ್ಳಿಯ ಹೆಸರು ಹಳ್ಳಿಗೇ ಉಳಿಯಿತು. ಮೀನುಗಾರರ ಹಳ್ಳಿಗಳನ್ನು ಎಬ್ಬಿಸಲಿಲ್ಲ. ಆದರೆ ಸುತ್ತ ಉದ್ಯಾನ ಇರುವುದರಿಂದ ಅವರು ಬೇಸಾಯ ಮಾಡುವ ಹಾಗಿಲ್ಲ, ಇಷ್ಟ ಬಂದಷ್ಟು ದೋಣಿ ಇಳಿಸುವ ಹಾಗೂ ಇಲ್ಲ. ಉದ್ಯಾನದ ಪ್ರವೇಶ ಶುಲ್ಕದಲ್ಲಿ ನೂರಕ್ಕೆ 20 ಭಾಗ ಸುತ್ತಲಿನ ಊರುಗಳಿಗೆ ಸೇರಬೇಕು ಅನ್ನುವ ಕಾನೂನು ಇದೆ. ಒಳ್ಳೆಯದೇ. ಆದರೂ ಬಲೆ ಬರಿದಾದ ದಿನ ಅವರಿಗೆ ಹೊಲ ಇಲ್ಲ ಅನ್ನುವುದನ್ನು ಮರೆಯಲು ಆಗುತ್ತಿಲ್ಲ.

1950ರ ದಶಕದ ಕೊನೆಗೆ ಮ್ವೆಯಾದಲ್ಲಿ ನೀರಾನೆ ಎಷ್ಟು ಜಾಸ್ತಿಯಾದವು ಅಂದರೆ ದಡದ ಹುಲ್ಲೆಲ್ಲ ಬೋಳಾಗಿ ಮಣ್ಣು ಕೊಚ್ಚಿಹೋಗತೊಡಗಿತು. ಆಗ ಉದ್ಯಾನದವರೇ ವರ್ಷಗಟ್ಟಲೆ ಸಾವಿರಾರು ನೀರಾನೆಗಳನ್ನು ಗುಂಡು ಹಾರಿಸಿ ಕೊಂದರು. ಹುಲ್ಲು ಮರಳಿತು, ಎಮ್ಮೆಗಳು ಹೆಚ್ಚಿದವು. ಕೊಲ್ಲುವುದು ನಿಂತ ಮೇಲೆ ನೀರಾನೆಯೂ ಮರಳಿತು. ನಾನು ಎಮ್ಮೆ ನೋಡಿ ಖುಷಿಪಟ್ಟ ದಡ ಅದೇ. ನಂತರ ಇದಿ ಅಮೀನ್ ಕಾಲ, ಅದರ ಬೆನ್ನಿಗೆ ಯುದ್ಧ. ಕೈಯಲ್ಲಿ ಬಂದೂಕು ಇದ್ದವರೆಲ್ಲ ಬೇಟೆಯಾಡಿದರು. ಉದ್ಯಾನದಲ್ಲಿ ಸಾವಿರಗಟ್ಟಲೆ ಇದ್ದ ಆನೆಗಳು 1980ರ ಹೊತ್ತಿಗೆ ಸುಮಾರು 150ಕ್ಕೆ ಇಳಿದವು. ಎಡ್ವರ್ಡ್ ಸರೋವರದ ಆಚೆ ದಡ ಕಾಂಗೋ ದೇಶದ್ದು. ಅಲ್ಲಿನ ವಿರುಂಗಾ ಉದ್ಯಾನದಲ್ಲಿ 1970ರ ದಶಕದ ನಡುವಿನಲ್ಲಿ ಸುಮಾರು 29,000 ನೀರಾನೆ ಇದ್ದವು. 2005ಕ್ಕೆ ಒಂದು ಸಾವಿರವೂ ಉಳಿದಿರಲಿಲ್ಲ. ಈ ಕಡೆ 2004ರಲ್ಲಿ ಆಂಥ್ರಾಕ್ಸ್ ಬಂದು ಸುಮಾರು 300 ನೀರಾನೆ ಸತ್ತವು. ಬೋಟಿನಿಂದ ಯುಗಯುಗದಿಂದ ಹೀಗೇ ಇದೆ ಅನ್ನಿಸುವ ನೋಟ. ಅದು ಎಷ್ಟು ಸಲ ಮುರಿದು ಮತ್ತೆ ಕೂಡಿದೆಯೋ!

ಸಿಂಹಗಳ ಸುದ್ದಿ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. 2018ರ ಏಪ್ರಿಲ್‌ನಲ್ಲಿ ಹಮುಕುಂಗು ಅನ್ನುವ ಹಳ್ಳಿಯ ಹತ್ತಿರ 11 ಸಿಂಹಗಳು ಸತ್ತು ಬಿದ್ದಿದ್ದವು. ಅದರಲ್ಲಿ ಎಂಟು ಮರಿ. ವಿಷ ಇಟ್ಟಿದ್ದಾರೆ ಅನ್ನುವ ಅನುಮಾನ. ದನ ಕಳೆದುಕೊಂಡವರ ಸಿಟ್ಟು ಹೇಗಿರುತ್ತದೆ ಅಂತ ನನಗೆ ಗೊತ್ತು, ಆದರೂ ಎಂಟು ಮರಿ ಅನ್ನುವುದನ್ನು ದಾಟಿ ಮುಂದೆ ಓದಲು ಹೊತ್ತು ಹಿಡಿಯಿತು. ಹೀಗೆ ಸಿಂಹಿಣಿಗಳು ಕಮ್ಮಿಯಾಗಿ ಗಂಡುಗಳೇ ಜಾಸ್ತಿ ಉಳಿದಿವೆ. ಜೇಕಬ್ ಅನ್ನುವ ಸಿಂಹಕ್ಕೆ ಮೂರೇ ಕಾಲು. ನಾಲ್ಕನೆಯದು ಕಳ್ಳಬೇಟೆಯವರು ಒಡ್ಡಿದ್ದ ಉಕ್ಕಿನ ಟ್ರ್ಯಾಪ್‌ಗೆ ಸಿಕ್ಕಿ ಹೋಯಿತು. 2024ರ ಫೆಬ್ರವರಿಯ ಒಂದು ರಾತ್ರಿ ಅದು ತನ್ನ ಸಹೋದರ ಟಿಬು ಜೊತೆ ಇದೇ ಕಾಜಿಂಗಾವನ್ನು ಈಜಿ ದಾಟಿತು. ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ, ನೀರಾನೆ ಮೊಸಳೆಗಳ ನಡುವೆ. ಮೊದಲ ಪ್ರಯತ್ನಗಳಲ್ಲಿ ಹಿಂದಿರುಗಿ, ಮತ್ತೆ ಇಳಿದು ದಾಟಿದವು. ಸಂಶೋಧಕರು ಡ್ರೋನ್‌ನಲ್ಲಿ ಅದನ್ನು ಚಿತ್ರಿಸಿದ್ದಾರೆ. ಕಪ್ಪು ನೀರಿನಲ್ಲಿ ಎರಡು ಬಿಳಿ ಚುಕ್ಕೆ, ಒಂದರ ಹಿಂದೆ ಒಂದು. ಆಚೆ ದಡದ ಸಿಂಹಿಣಿಗಳನ್ನು ಹುಡುಕಿಕೊಂಡು ಹೋಗಿರಬೇಕು ಅನ್ನುತ್ತಾರೆ. ದಾಟಲು ಸೇತುವೆ ಇದೆ. ಆದರೆ ಸೇತುವೆಯ ಮೇಲೆ ಜನ ಇದ್ದಾರೆ. ರಾತ್ರಿಯ ಪಾಳಿಗೆ ಇನ್ನೊಬ್ಬರು ಸೇರಿದ್ದಾರೆ ಅನ್ನಿಸಿತು.

ಆಲೂರು, ಕಬಿನಿ

ಮಾವ ಅಂಥ ಪ್ರಶ್ನೆ ಕೇಳಿದ್ದು ಯಾಕೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಆಲೂರು, ಸಕಲೇಶಪುರದ ಕಡೆ ತೋಟಕ್ಕೆ ಆನೆ ಬರುವುದು ಈಗ ಸುದ್ದಿಯೇ ಅಲ್ಲ. ಮಾವ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಫೋನ್ ನೋಡುವುದು. ಆನೆ ಗುಂಪು ರಾತ್ರಿ ಎಲ್ಲಿತ್ತು ಅಂತ ಮೆಸೇಜ್ ಬಂದಿರುತ್ತದೆ. ಅದು ಯಾವ ತೋಟ ಬಿಟ್ಟಿದೆ ಅಂತ ಗೊತ್ತಾದ ಮೇಲೆಯೇ ಆಳುಗಳಿಗೆ ಫೋನ್. ಸಂಜೆ ನಾಲ್ಕೂವರೆಗೆ ಹಣ್ಣು ಕೊಯ್ಯುವವರು ಇನ್ನೂ ತೋಟದಲ್ಲಿದ್ದರೆ ಮಾವ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಒಬ್ಬೊಬ್ಬರೇ ಹೊರಗೆ ಬರುವುದನ್ನು ಎಣಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಈ ಎಣಿಕೆ ಇರಲಿಲ್ಲ. ಅವರು ಫೋಟೋದಲ್ಲಿ ನೀರಾನೆಯನ್ನು ಸರಿಸಿ ಆ ಹೆಂಗಸನ್ನು ನೋಡಿದ್ದು ಆ ಅಭ್ಯಾಸದಿಂದ.

ಕಬಿನಿ ಹಿನ್ನೀರಿನಲ್ಲಿ ನಾನು ಮೂರು ಸಲ ಬೋಟ್ ಸಫಾರಿ ಮಾಡಿದ್ದೇನೆ. ಬೇಸಿಗೆಯಲ್ಲಿ ಆನೆಗಳು ಹಸಿರು ದಡಕ್ಕೆ ಇಳಿಯುವುದು ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಅಲ್ಲಿ ಕಾಡಿನ ದಡದಲ್ಲಿ ಬಟ್ಟೆ ಒಗೆಯುವವರು ಯಾರೂ ಕಾಣುವುದಿಲ್ಲ. ಅದನ್ನೇ ನಾನು ಕಾಡು ಅಂದುಕೊಂಡಿದ್ದೆ. 1974ರಲ್ಲಿ ಅಣೆಕಟ್ಟು ಕಟ್ಟಿ ನೀರು ನಿಂತಾಗ ಊರುಗಳು ಮುಳುಗಿದವು. ಕಾಡೊಳಗಿನ ಹಾಡಿಗಳ ಜನರೂ ಹೊರಗೆ ಬಂದರು. ಖಾಲಿ ದಡ ನೋಡಿ ನೋಡಿ ನನ್ನ ಕಣ್ಣಿಗೆ ಅದೇ ರೂಢಿಯಾಗಿತ್ತು. ಕಾಜಿಂಗಾದಲ್ಲಿ ಜನ ಕಂಡಾಗ ಸಫಾರಿ ಮುಗಿಯಿತು ಅಂತ ಬ್ಯಾಟರಿ ಬದಲಿಸಿದ್ದು ಅದಕ್ಕೇ ಇರಬೇಕು. ಜನ ಅಲ್ಲಿರುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಹಾಡಿಯಲ್ಲಿ ಇದ್ದವರಿಗೂ ಸುಲಭ ಇರಲಿಲ್ಲ. ಆದರೆ ಅವರು ನೋಟಕ್ಕೆ ಅಡ್ಡ ಬಂದವರಲ್ಲ. ಆ ನೀರಿನ ಬಗ್ಗೆ ಗೈಡ್ ಹುಡುಗಿಗೆ ಅಷ್ಟು ಗೊತ್ತಿರುವುದು ಅವಳ ಅಪ್ಪ ಅಲ್ಲಿ ಬಲೆ ಬಿಟ್ಟದ್ದರಿಂದ.

ಏಳು ದೋಣಿ

ಬೋಟ್ ಇಳಿದ ದಿನ ಸಂಜೆ ನಾವು ಮ್ವೆಯಾದಲ್ಲೇ ಉಳಿದೆವು. ಕತ್ತಲಾದ ಮೇಲೆ ಕೋಣೆಯಿಂದ ಊಟಕ್ಕೆ ಹೋಗಬೇಕಾದರೂ ಕಾವಲುಗಾರ ಜೊತೆಗೆ ಬರಬೇಕು. ಅಲ್ಲಿ ಅವರನ್ನು ಆಸ್ಕರಿ ಅನ್ನುತ್ತಾರೆ. ಇನ್ನೂ ಸ್ವಲ್ಪ ಬೆಳಕಿರುವಾಗ ಅಕ್ಕನೂ ನಾನೂ ದಿಬ್ಬದ ಅಂಚಿನಲ್ಲಿ ನಿಂತಿದ್ದೆವು. ಕೆಳಗೆ ನೀರು ಸೀಸದ ಬಣ್ಣಕ್ಕೆ ತಿರುಗುತ್ತಿತ್ತು. ಎದುರಿನ ಹಳ್ಳಿಯಿಂದ ದೋಣಿಗಳು ಹೊರಟವು. ಒಂದೊಂದರಲ್ಲಿ ಇಬ್ಬಿಬ್ಬರು. ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರ ಕಾಲ ಬಳಿ ಬಲೆಯ ರಾಶಿ. ದೊಡ್ಡ ಸರೋವರದ ಕಡೆಗೆ ಸಾಲಾಗಿ ಹೋದವು. ನಾನು ಸುಮ್ನೆ ಎಣಿಸಿದೆ. ಏಳು. ಆಸ್ಕರಿ ಗಡಿಯಾರ ನೋಡಿದ. ಇನ್ನು ಒಳಗೆ ಹೋಗಿ, ಅವು ಮೇಲೆ ಬರುವ ಹೊತ್ತು ಅಂದ.

ರಾತ್ರಿ ಎಚ್ಚರವಾಯಿತು. ಕಿಟಕಿಯ ಹೊರಗೆ ಹುಲ್ಲು ಹರಿಯುವ ಸದ್ದು. ಕರ್, ಕರ್, ಒಂದು ಕ್ಷಣ ನಿಲ್ಲುವುದು, ಮತ್ತೆ ಕರ್. ಕೊಟ್ಟಿಗೆಯಲ್ಲಿ ಹಸು ಮೇಯುವ ಸದ್ದು ಅದೇ. ಅಜ್ಜಿ ಮನೆಯಲ್ಲಿ ಮಲಗಿದ ಹಾಗಾಯಿತು. ಇಷ್ಟು ದೊಡ್ಡ ಪ್ರಾಣಿ ಇಷ್ಟು ಮೆಲ್ಲಗೆ ಊಟ ಮಾಡುತ್ತದೆ ಅಂತ ಅಂದುಕೊಂಡಿರಲಿಲ್ಲ. ಅದು ಇಲ್ಲಿದೆ ಅಂದರೆ ಅಷ್ಟರಮಟ್ಟಿಗೆ ನೀರು ಖಾಲಿ ಇದೆ ಅನ್ನುವುದು ಆಗ ನನಗೆ ತೋಚಲಿಲ್ಲ.

ಬೆಳಿಗ್ಗೆ ಬೇಗ ಹೊರಡಬೇಕಿತ್ತು. ಕಂಪಾಲಾಕ್ಕೆ ದಿನವಿಡೀ ದಾರಿ. ಭಾವ ಕಾರಿಗೆ ಬ್ಯಾಗು ತುಂಬುತ್ತಿದ್ದಾಗ ನಾನು ಮತ್ತೆ ದಿಬ್ಬದ ಹತ್ತಿರ ಹೋದೆ. ನೀರಿನ ಮೇಲೆ ಮಂಜು. ಹಳ್ಳಿಯ ದಡದಲ್ಲಿ ಜನ ನಿಂತಿದ್ದರು. ದೋಣಿಗಳು ಒಂದೊಂದೇ ಮಂಜಿನಿಂದ ಹೊರಗೆ ಬಂದವು. ಮೀನು ಇಳಿಸುವ ಗಡಿಬಿಡಿ, ತಲೆಯ ಮೇಲೆ ಸುತ್ತುವ ಕೊಕ್ಕರೆಗಳು. ಐದು ಎಣಿಸಿದೆ. ಅಷ್ಟರಲ್ಲಿ ಭಾವ ಹಾರ್ನ್ ಹೊಡೆದರು, ನಾನು ಹೋಗಿ ಕಾರು ಹತ್ತಿದೆ.

ಇದನ್ನೆಲ್ಲ ಹೇಳಿದಾಗ ಮಾವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಟ್ಯಾಬ್ ಅನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟರು.

"ಇನ್ನೆರಡು ಬರೋ ತನಕ ನಿಲ್ಬೇಕಿತ್ತು ಕಣವ್ವ" ಅಂದರು.